ಇಂಗಿತವರಿಯದ ಮನಸ್ಸು

ಎದುರಿನವರ ಮೊಗ ನೋಡಿಯೇ ಒಳಮನಸ್ಸನ್ನು ಅರಿಯಬಲ್ಲವನನ್ನು ನಮ್ಮ ಹಿರಿಯರು ‘ಇಂಗಿತಜ್ಞ’ನೆಂದು ಕರೆದರು. ಆ ಅರಿವು ಮಿದುಳಿನ ಬೇನೆಯಿಂದ ಅಳಿಯಬಲ್ಲುದೆಂದು ವೈದ್ಯಶಾಸ್ತ್ರ ಕಂಡುಕೊಂಡುದು ತಡವಾಗಿ.

1892ರಲ್ಲಿ ಪ್ರಾಗ್ ನಗರದ ಆರ್ನಾಲ್ಡ್ ಪಿಕ್ ಎಂಬ ಪ್ರಾಧ್ಯಾಪಕರು, ಮಾತೂ ಬುದ್ಧಿಯೂ ಕುಂದುತ್ತಿದ್ದ 71 ವರ್ಷದ ವೃದ್ಧನೊಬ್ಬನ ವೃತ್ತಾಂತವನ್ನು ಪ್ರಕಟಿಸಿದರು. ಮುಪ್ಪಿನಲ್ಲಿ ಮಿದುಳಿನ ಒಂದು ಭಾಗವೇ ಹೆಚ್ಚಾಗಿ ಸವೆಯಬಹುದೆಂಬುದು ಅವರ ವಾದ. ಹಣೆಯ ಮತ್ತು ಕಿವಿಯ ಬದಿಯ ಮಿದುಳು ಸವೆಯುವ ಬೇನೆಗೆ ಬಹುಕಾಲ ಅವರ ಹೆಸರೇ ಇದ್ದಿತು. 1899ರಲ್ಲಿ ಜರ್ಮನಿಯ ಎಮಿಲ್ ಕ್ರೇಪೆಲಿನ್ ಉನ್ಮಾದ-ಖಿನ್ನತೆಯನ್ನು ಪ್ರತ್ಯೇಕ ರೋಗವೆಂದು ವಿಂಗಡಿಸಿದರು. ಅವರು ನೋಡಿದುದು ಒಂದು ದಿನದ ಲಕ್ಷಣವನ್ನಲ್ಲ, ರೋಗವು ವರ್ಷಗಳುದ್ದಕ್ಕೂ ನಡೆದ ದಾರಿಯನ್ನು. ನನ್ನ ಎಣಿಕೆಯಲ್ಲಿ ಇದೇ ಅವರ ಹಿರಿಯ ಕೊಡುಗೆ.

ಏಕೆಂದರೆ ಲಕ್ಷಣಗಳು ಮೋಸಗೊಳಿಸುತ್ತವೆ. ದುಂದುವೆಚ್ಚ, ಸಲಿಗೆ ಮೀರಿದ ಮಾತು, ಸಾವಿನ ಮನೆಯಲ್ಲಿ ನಗೆ, ಇವು ಎರಡು ರೋಗಗಳಲ್ಲಿಯೂ ಉಂಟು. ಪಿಕ್ಕರ ಬೇನೆಯನ್ನು ‘ಮರೆವು’ ಎನ್ನುವುದು ಅಷ್ಟು ಸರಿಯಲ್ಲ. ಎಷ್ಟೋ ರೋಗಿಗಳಲ್ಲಿ ನೆನಪು ಉಳಿದಿರುತ್ತದೆ, ಮೊದಲು ಅಳಿಯುವುದು ದಾಕ್ಷಿಣ್ಯ. ಉನ್ಮಾದ ಇಳಿದವನು ಬಹುಮಟ್ಟಿಗೆ ತನ್ನವರ ಬಳಿಗೆ ಮರಳುತ್ತಾನೆ, ಆಡಿದ್ದಕ್ಕೆ ನಾಚುವುದೂ ಉಂಟು. ಪರರ ಮನಸ್ಸನ್ನು ಊಹಿಸುವಲ್ಲಿ ತುಸು ಕೊರತೆ ಉಳಿಯಬಹುದು. ಇನ್ನೊಬ್ಬನಿಗೆ ಮರಳುವ ದಾರಿಯಿಲ್ಲ. ತನಗೇನೋ ಆಗಿದೆಯೆಂಬ ಅರಿವೂ ಸಾಮಾನ್ಯವಾಗಿ ಇರುವುದಿಲ್ಲ. 2011ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ನಡತೆ ಕೆಡುವ ಈ ಬಗೆಯ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಮೊದಲು ಮನೋರೋಗವೆಂದೇ ಹೇಳಲಾಗಿತ್ತು. ಐವತ್ತು ದಾಟಿದವರಲ್ಲಿ ಹಿಂದೆಂದೂ ಇರದ ಉನ್ಮಾದ ತೋರಿದರೆ, ಎಚ್ಚರವುಳ್ಳ ವೈದ್ಯರು ಮಿದುಳಿನ ಚಿತ್ರ ತೆಗೆಸುತ್ತಾರೆ. ಜೊತೆಗೆ ಮನೆಯವರನ್ನು ಕೂರಿಸಿಕೊಂಡು, ಆ ಮನುಷ್ಯ ಮೊದಲು ಹೇಗಿದ್ದನೆಂದು ಕೇಳುತ್ತಾರೆ.