ಚಿತ್ರದ ಪಕ್ಕದ ಬರಹ

ದೃಶ್ಯಕಲಾ ಯೋಜನೆಯೊಂದರ ಜೊತೆಗೆ ಸಂಶೋಧನ ಪ್ರಬಂಧವನ್ನು ಪ್ರಕಟಿಸುವುದು ಈಚಿನ ರೂಢಿಯೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಆದರೆ ಚಿತ್ರದ ಪಕ್ಕದಲ್ಲಿ ವಿದ್ವತ್ತಿನ ಬರಹವನ್ನಿಡುವ ಪದ್ಧತಿಗೆ ವಸಾಹತುಕಾಲದ ಇತಿಹಾಸವಿದೆ. ಅದು ನಿರಪಾಯವಾದ ಇತಿಹಾಸವೇನೂ ಅಲ್ಲ. 1868ರಿಂದ 1875ರವರೆಗೆ ಎಂಟು ಸಂಪುಟಗಳಲ್ಲಿ ಹೊರಬಂದ ‘ದಿ ಪೀಪಲ್ ಆಫ್ ಇಂಡಿಯಾ’ದ ಛಾಯಾಚಿತ್ರಗಳಿಗೆ ಟಿಪ್ಪಣಿಗಳಿವೆ. ಕ್ಯಾಮೆರಾದ ಎದುರು ನಿಂತವರು ಬಹುಪಾಲು ಅಲ್ಲಿ ವ್ಯಕ್ತಿಗಳಲ್ಲ, ಜಾತಿಯ ಮಾದರಿಗಳು. ಅವರ ಗುಣಸ್ವಭಾವಗಳ ಮೇಲಿನ ತೀರ್ಪು ಬರಹದ್ದು. 1909ರಲ್ಲಿ ಪ್ರಕಟವಾದ ಥರ್ಸ್ಟನ್ನನ ಏಳು ಸಂಪುಟಗಳೂ ಇದೇ ಪರಂಪರೆಗೆ ಸೇರುತ್ತವೆ.

ಬೆಂಗಳೂರಿನ ಕಲಾವಿದೆ ಎನ್. ಪುಷ್ಪಮಾಲಾ ಹಾಗೂ ಛಾಯಾಗ್ರಾಹಕಿ ಕ್ಲೇರ್ ಆರ್ನಿ 2000ದಿಂದ 2004ರವರೆಗೆ ಕೈಗೊಂಡ ಯೋಜನೆಯ ಹೆಸರು ‘ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ: ಮ್ಯಾನರ್ಸ್ ಅಂಡ್ ಕಸ್ಟಮ್ಸ್’. ಹೆಸರೇ ಹಳೆಯ ಜನಾಂಗ ವಿವರಣ ಗ್ರಂಥಗಳ ಅಣಕ. ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಸಂಸ್ಥೆ ಇದಕ್ಕೆ ನೆರವು ನೀಡಿತು. ರವಿವರ್ಮನ ಬೆಳದಿಂಗಳ ಸ್ತ್ರೀ, ಬಿಜಾಪುರದ ಕಿರುಚಿತ್ರದ ಯೋಗಿನಿ, ಕನ್ನಡ ಚಲನಚಿತ್ರವೊಂದರ ಸ್ಥಿರಚಿತ್ರ, ಪತ್ರಿಕೆಯಲ್ಲಿ ಅಚ್ಚಾದ ಬಂಧಿತ ಸ್ತ್ರೀಯರ ಭಾವಚಿತ್ರ ಮುಂತಾದವುಗಳಲ್ಲಿ ಪುಷ್ಪಮಾಲಾ ತಾವೇ ವೇಷ ಧರಿಸಿ ನಿಂತರು. ದೇವಿಗೂ ಆರೋಪಿಗೂ ಮುಖ ಒಂದೇ.

ಇವುಗಳಲ್ಲಿ ಹೆಚ್ಚು ಕಾಡುವುದು ಅಳತೆಯ ಚಿತ್ರ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮಾರಿಸ್ ವೈಡಲ್ ಪೋರ್ಟ್‌ಮನ್ ಎಂಬ ಅಧಿಕಾರಿಯು ಅಂಡಮಾನಿನ ಮೂಲನಿವಾಸಿಗಳನ್ನು ಚೌಕುಳಿ ಪರದೆಯ ಮುಂದೆ ನಿಲ್ಲಿಸಿ ಚಿತ್ರ ತೆಗೆದನು. ಚೌಕಗಳ ಮೇಲೆ ದೇಹದ ಪ್ರಮಾಣವನ್ನು ಓದಬಹುದಾಗಿತ್ತು. ಅದೇ ಬಗೆಯ ಪರದೆಯ ಮುಂದೆ ಪುಷ್ಪಮಾಲಾ ನಿಂತಾಗ ಒಂದು ವ್ಯತ್ಯಾಸವನ್ನು ಮರೆಯಲಾಗದು: ಇವರು ಒಪ್ಪಿ ನಿಂತವರು, ಬೇಡವೆಂದಾಗ ಹೊರಬರಬಲ್ಲವರು. ಮೂಲದಲ್ಲಿದ್ದವರಿಗೆ ಆ ಸ್ವಾತಂತ್ರ್ಯ ಎಷ್ಟಿತ್ತು? ಇದನ್ನು ಚಿತ್ರವು ತಾನಾಗಿ ಹೇಳಲಾರದು. ಜೊತೆಯ ಪ್ರಬಂಧ ಹೇಳಬೇಕಾದುದು ಇದನ್ನೇ. ಚಿತ್ರದಲ್ಲಿ ಕಾಣುವುದನ್ನು ಮತ್ತೊಮ್ಮೆ ವರ್ಣಿಸುವ ಬರಹದಿಂದ ಪ್ರಯೋಜನ ಅಲ್ಪ. ಈ ಯೋಜನೆಯನ್ನು ಕುರಿತ ಸೂಸಿ ತಾರು ಅವರ ಪ್ರಬಂಧದ ಶೀರ್ಷಿಕೆ ‘ಇದು ದಾಸ್ತಾನು ಪಟ್ಟಿಯಲ್ಲ’ ಎಂಬ ಅರ್ಥದ್ದಾಗಿರುವುದು ಗಮನಾರ್ಹ. ಯೋಜನೆಯ ಒಂದು ಸರಣಿಯು ಚಿತ್ರಗಳು ಸಿದ್ಧವಾದ ಬಗೆಯನ್ನೇ ತೆರೆದಿಡುತ್ತದೆ. ಹಳೆಯ ಸಂಪುಟಗಳು ಮರೆಮಾಡಿದ್ದುದೇ ಆ ಭಾಗ.

ಪೋರ್ಟ್‌ಮನ್ನನ ಪರದೆಯ ಮುಂದೆ ಮನುಷ್ಯರಿದ್ದರು. ಭೂದೃಶ್ಯದ ಚಿತ್ರಕ್ಕೂ ಇದೇ ಪ್ರಶ್ನೆ ಅನ್ವಯಿಸುತ್ತದೆ. ಕ್ಯಾಸಂಬಳ್ಳಿ ಹೋಬಳಿಯ ನೆರೆಯ ಕೋಲಾರ ಚಿನ್ನದ ಗಣಿ ಪ್ರದೇಶದ ಸಯನೈಡ್ ದಿಬ್ಬಗಳು ಛಾಯಾಗ್ರಾಹಕರಿಗೂ ಚಲನಚಿತ್ರದವರಿಗೂ ಪ್ರಿಯವಾದ ದೃಶ್ಯ. ಬೋಳು ಮರಳುಗಾಡಿನಂತೆ ಅವು ಸುಂದರವಾಗಿಯೇ ಕಾಣುತ್ತವೆ. ವಾಸ್ತವವಾಗಿ ಅವು ಅದಿರನ್ನು ಅರೆದು, ಸಯನೈಡ್ ದ್ರಾವಣದಿಂದ ಚಿನ್ನವನ್ನು ಬೇರ್ಪಡಿಸಿದ ಮೇಲೆ ಉಳಿದ ಪುಡಿಯ ರಾಶಿಗಳು. ಚಾಂಪಿಯನ್ ರೀಫ್ ಗಣಿಯಲ್ಲಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದವರ ದುಡಿಮೆಯ ಶೇಷ. ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು, ದಿಬ್ಬಗಳು ಉಳಿದವು. ಗಾಳಿ ಎದ್ದಾಗ ಆ ಪುಡಿ ಕಾರ್ಮಿಕರ ಲೈನುಗಳ ಮನೆಗಳೊಳಗೆ ಬಂದು ಕೂರುತ್ತದೆ. ದೂರದಿಂದ ತೆಗೆದ ಚಿತ್ರದಲ್ಲಿ ಆ ಮನೆಗಳಿರುವುದಿಲ್ಲ.