ಮಿಂಚಂಚೆಯಲ್ಲಿ ಪತ್ರದ ನಡುವಿನ ಚಿತ್ರಗಳು ಲಗತ್ತುಗಳಾಗುವುದೇಕೆ?

ವಾರಾಣಸಿಯ ಸೋನಾರ್‌ಪುರವು ಗೋದೌಲಿಯಾದಿಂದ ಅಸ್ಸಿಯತ್ತ ಸಾಗುವ ರಸ್ತೆಯಲ್ಲಿರುವ ಬಡಾವಣೆ. ಅಲ್ಲಿನ ಗಲ್ಲಿಗಳಲ್ಲಿ ಗಂಗೆಯ ಕಡೆಗೆ ನಡೆದರೆ ಕೇದಾರ ಘಾಟ್, ಹರಿಶ್ಚಂದ್ರ ಘಾಟ್, ಅದರ ಪಕ್ಕದಲ್ಲಿಯೇ ನಮ್ಮವರಿಗೆ ಪರಿಚಿತವಾದ ಕರ್ನಾಟಕ ಘಾಟ್ ದೊರೆಯುತ್ತವೆ. ಕಾಶೀಯಾತ್ರೆಗೆ ತೆರಳಿದ ಕುಟುಂಬವೊಂದು ಅಲ್ಲಿಂದ ಊರಿನ ಹಿರಿಯರಿಗೆ, "ಮೇಲಿನದು ಕೇದಾರೇಶ್ವರನ ಗುಡಿ, ಕೆಳಗಿನದು ಅಜ್ಜನವರ ಪಿಂಡಪ್ರದಾನ" ಎಂದು ಚಿತ್ರಸಹಿತ ಮಿಂಚಂಚೆ ಕಳುಹಿಸಿತೆಂದು ಭಾವಿಸೋಣ. ಊರಿನಲ್ಲಿ ತೆರೆದಾಗ ಮೇಲೆಯೂ ಇಲ್ಲ, ಕೆಳಗೂ ಇಲ್ಲ. ತಳದಲ್ಲಿ ಕ್ಲಿಪ್ಪಿನ ಗುರುತಿನೊಡನೆ ‘ಇಮೇಜ್001’, ‘ಇಮೇಜ್002’ ಎಂಬ ಕಡತಗಳಷ್ಟೇ. ಲಗತ್ತುಗಳನ್ನು ತೆರೆಯಬೇಡಿರೆಂದು ಮಕ್ಕಳೇ ಎಚ್ಚರಿಸಿರುವುದರಿಂದ (ಎಚ್ಚರಿಕೆ ಸರಿಯಾದದ್ದೇ) ಹಿರಿಯರು ಅವನ್ನು ಮುಟ್ಟುವುದಿಲ್ಲ. ಹೀಗೆ ಆ ಚಿತ್ರಗಳು ತಲುಪಿಯೂ ತಲುಪದಂತಾಗುತ್ತವೆ.

ಇದರ ಮೂಲ ತಿಳಿಯಲು ತುಸು ಹಿಂದೆ ಹೋಗಬೇಕು. ಮೊದಮೊದಲು ಮಿಂಚಂಚೆಯಲ್ಲಿ ಇಂಗ್ಲಿಷ್ ಅಕ್ಷರಗಳು ಮಾತ್ರ ಸಾಗುತ್ತಿದ್ದವು. ನಥಾನಿಯಲ್ ಬೋರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ ರೂಪಿಸಿದ ‘ಮೈಮ್’ ಎಂಬ ವ್ಯವಸ್ಥೆಯು 1992ರಲ್ಲಿ ಬಂದು ಚಿತ್ರ, ಧ್ವನಿಗಳಿಗೂ ದಾರಿಯಾಯಿತು. ಆ ವರ್ಷದ ಮಾರ್ಚ್ 11ರಂದು ಬೋರೆನ್‌ಸ್ಟೈನ್ ತಮ್ಮ ಗಾಯಕವೃಂದದ ಚಿತ್ರವನ್ನೂ ಹಾಡನ್ನೂ ಕಳುಹಿಸಿದರು. ಇಂದು ಕನ್ನಡ ಲಿಪಿಯ ಪತ್ರಗಳು ಓಡಾಡುತ್ತಿರುವುದೂ ಇದೇ ವ್ಯವಸ್ಥೆಯ ಕೃಪೆಯಿಂದ.

ಪತ್ರದ ನಡುವೆ ಕಾಣುವ ಚಿತ್ರವೂ ವಾಸ್ತವವಾಗಿ ಪ್ರತ್ಯೇಕ ಭಾಗವಾಗಿಯೇ ಪ್ರಯಾಣಿಸುತ್ತದೆ. ನಮ್ಮ ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ಲೆಡ್ಜರಿನಲ್ಲಿ ವೋಚರಿನ ಸಂಖ್ಯೆ ಮಾತ್ರ ಇರುತ್ತದೆ, ವೋಚರು ಬೇರೆ ಕಟ್ಟಿನಲ್ಲಿರುತ್ತದೆ. ಇಲ್ಲಿ ಆ ಸಂಖ್ಯೆಗೆ ‘ಕಂಟೆಂಟ್ ಐಡಿ’ ಎಂದು ಹೆಸರು. ಅದರೊಡನೆ ‘ಇನ್‌ಲೈನ್’ ಅಥವಾ ‘ಅಟ್ಯಾಚ್‌ಮೆಂಟ್’ ಎಂಬ ಷರಾ ಕೂಡ ಇರುತ್ತದೆ. ಸಂಖ್ಯೆ ತಾಳೆಯಾಗದಿದ್ದರೆ, ಷರಾ ಬದಲಾದರೆ, ಅಥವಾ ಲೆಡ್ಜರೇ ಇಲ್ಲವಾದರೆ ವೋಚರು ಅನಾಥವಾಗಿ ಲಗತ್ತುಗಳ ಸಾಲಿಗೆ ಸೇರುತ್ತದೆ.

ಲೆಡ್ಜರೇ ಇಲ್ಲವಾಗುವುದೇ ಹೆಚ್ಚು. ಪತ್ರವನ್ನು ‘ಪ್ಲೇನ್ ಟೆಕ್ಸ್ಟ್’ ಸ್ವರೂಪದಲ್ಲಿ ಬರೆದರೆ ಚಿತ್ರದ ಸ್ಥಾನವನ್ನು ಸೂಚಿಸಲು ಎಡೆಯೇ ಇಲ್ಲ. ಅದಕ್ಕೆ ‘ಎಚ್‌ಟಿಎಂಎಲ್’ ಸ್ವರೂಪವೇ ಬೇಕು. ಜಿಮೇಲ್ ಬಳಸುವವರು ಪತ್ರ ಬರೆಯುವ ಕಿಟಕಿಯ ಕೆಳಗಿನ ಮೂರು ಚುಕ್ಕಿಗಳನ್ನು ಒತ್ತಿ, ‘ಪ್ಲೇನ್ ಟೆಕ್ಸ್ಟ್ ಮೋಡ್’ ಎದುರು ಗುರುತಿದ್ದರೆ ತೆಗೆಯಬೇಕು. ಕ್ಲಿಪ್ಪಿನ ಬದಲು ಚಿತ್ರ ಸೇರಿಸುವ ಗುಂಡಿಯನ್ನು ಒತ್ತಿ ‘ಇನ್‌ಲೈನ್’ ಆರಿಸಬೇಕು. ಔಟ್‌ಲುಕ್‌ನ ಹಳೆಯ ಮಾದರಿಯಲ್ಲಿ ‘ಫಾರ್ಮ್ಯಾಟ್ ಟೆಕ್ಸ್ಟ್’ ಅಡಿಯಲ್ಲಿ ಎಚ್‌ಟಿಎಂಎಲ್ ಆರಿಸಿ, ‘ಇನ್ಸರ್ಟ್’ ಮೂಲಕ ಚಿತ್ರ ಸೇರಿಸಬೇಕು. ಅಲ್ಲಿಯ ‘ರಿಚ್ ಟೆಕ್ಸ್ಟ್’ ಹೆಸರಿಗೆ ಶ್ರೀಮಂತ. ಬೇರೆ ತಂತ್ರಾಂಶದಲ್ಲಿ ಪತ್ರ ತೆರೆಯುವವರಿಗೆ ‘ವಿನ್‌ಮೇಲ್.ಡ್ಯಾಟ್’ ಎಂಬ ನಿರುಪಯುಕ್ತ ಕಡತವನ್ನು ಕೊಟ್ಟು ಕೈತೊಳೆದುಕೊಳ್ಳುವುದುಂಟು.

ಕಳುಹಿಸಿದವರದು ಸರಿಯಿದ್ದೂ ಓದುವವರ ಕಡೆ ದೋಷವಿರಬಹುದು. ಥಂಡರ್‌ಬರ್ಡ್‌ನಲ್ಲಿ ‘ವ್ಯೂ’ ಪಟ್ಟಿಯ ‘ಮೆಸೇಜ್ ಬಾಡಿ ಆ್ಯಸ್’ ಎಂಬಲ್ಲಿ ‘ಒರಿಜಿನಲ್ ಎಚ್‌ಟಿಎಂಎಲ್’ ಇದೆಯೇ ನೋಡಬೇಕು. ಚಿತ್ರದ ಜಾಗದಲ್ಲಿ ಖಾಲಿ ಚೌಕ ಕಂಡು, ಕೆಳಗೆ ಲಗತ್ತೂ ಇಲ್ಲದಿದ್ದರೆ ಅದು ಬೇರೆಯೇ ವ್ಯಾಧಿ: ಹೊರಗಿನ ಜಾಲತಾಣದಿಂದ ಬರಬೇಕಾದ ಚಿತ್ರವನ್ನು ಸುರಕ್ಷತೆಗಾಗಿ ತಡೆಯಲಾಗಿರುತ್ತದೆ. ಪರಿಚಿತರ ಪತ್ರವಾದರೆ ಅನುಮತಿಸಬಹುದು.

ದೋಷ ಯಾರದೆಂದು ತಿಳಿಯಲು, ಅದೇ ಪತ್ರವನ್ನು ಬೇರೊಂದು ಕಂಪನಿಯ ಖಾತೆಗೂ ಕಳುಹಿಸಿ ನೋಡಬೇಕು. ಅಲ್ಲಿ ಸರಿಯಾಗಿ ಕಂಡರೆ ಸ್ವೀಕರಿಸುವವರ ಕಡೆ ಹುಡುಕಬೇಕು. ಚಿತ್ರಗಳ ಗಾತ್ರವನ್ನೂ ಇಳಿಸುವುದು ಲೇಸು. ಸಾಗಣೆಗಾಗಿ ಅಕ್ಷರರೂಪಕ್ಕೆ ತಿರುಗಿದಾಗ ಅವು ಸುಮಾರು ಮೂರನೆಯ ಒಂದು ಭಾಗದಷ್ಟು ಹಿಗ್ಗುತ್ತವೆ, ಜಿಮೇಲ್‌ನ ಮಿತಿಯೋ 25 ಎಂಬಿ. ಇಷ್ಟಾದರೂ ಕೆಲವು ಕಚೇರಿಗಳ ವ್ಯವಸ್ಥೆ ಎಚ್‌ಟಿಎಂಎಲ್ ಭಾಗವನ್ನೇ ಕಿತ್ತುಹಾಕುತ್ತದೆ. ಅಂಥವರಿಗೆ ಬರೆಯುವಾಗ ಕಡತಗಳಿಗೆ ‘1-ಕೇದಾರೇಶ್ವರ’, ‘2-ಪಿಂಡಪ್ರದಾನ’ ಎಂದು ಹೆಸರಿಟ್ಟು, ಪತ್ರದಲ್ಲಿಯೂ ಅದೇ ಸಂಖ್ಯೆಯನ್ನು ನಮೂದಿಸಿ, ಕಳುಹಿಸಿರುವ ವಿಷಯವನ್ನು ದೂರವಾಣಿಯಲ್ಲಿ ತಿಳಿಸಿಬಿಡಬೇಕು.