ಪ್ರಶ್ನೆಕೋಠಿ ಮತ್ತು ಯಾದೃಚ್ಛಿಕ ಪ್ರಶ್ನೆಪತ್ರಿಕೆ: ಬಾಗಲಕೋಟೆ ಸೀಮೆ

ಮೊದಲೇ ಬರೆದು, ವಿಂಗಡಿಸಿ, ಕೂಡಿಟ್ಟ ಪ್ರಶ್ನೆಗಳ ಸಂಗ್ರಹವೇ ಪ್ರಶ್ನೆಕೋಠಿ. ಯಾವ ಭಾಗಕ್ಕೆ ಎಷ್ಟು ಅಂಕ ಎಂದು ಹೇಳುವ ನೀಲನಕ್ಷೆಗೆ ಹೊಂದುವ ಪ್ರಶ್ನೆಗಳನ್ನು ಅದರಿಂದ ಕಂಪ್ಯೂಟರ್ ಚೀಟಿ ಎತ್ತಿದಂತೆ ಆಯ್ದು ಪತ್ರಿಕೆ ಕಟ್ಟಿದರೆ ಅದು ಯಾದೃಚ್ಛಿಕ ಪ್ರಶ್ನೆಪತ್ರಿಕೆ. ರಾಜ್ಯದ ಇತರೆಡೆಯಂತೆ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್‌ಗಳಲ್ಲೂ ಈ ವಿಷಯದ ಮಾತು ಬಂದಾಗ ಮೂರು ಬೇರೆ ಬೇರೆ ಸಂಗತಿಗಳು ಒಂದರೊಳಗೊಂದು ಕಲಸಿಹೋಗುತ್ತವೆ. ಇತಿಹಾಸ ತಿಳಿಯಬೇಕಾದರೆ ಮೊದಲು ಅವನ್ನು ಬಿಡಿಸಬೇಕು.

ಹೆಸರಿನ ಗೊಂದಲ

ಕೋಠಿ ಎಂದರೆ ಉಗ್ರಾಣ. ಶಾಲಾ ಶಿಕ್ಷಕರು ಪ್ರಶ್ನೆಕೋಠಿ ಎನ್ನುವುದು ಹೆಚ್ಚಾಗಿ ಬಾಗಿಲು ತೆರೆದ ಉಗ್ರಾಣಕ್ಕೆ: ಎಸ್ಸೆಸ್ಸೆಲ್ಸಿ ಮಕ್ಕಳ ಕೈಗೇ ಕೊಡುವ ಅಭ್ಯಾಸದ ಪ್ರಶ್ನೆಗಳು, ಕಲಿಕೆಯಲ್ಲಿ ಹಿಂದುಳಿದವರಿಗಾಗಿ ಮಾಡುವ ‘ಪಾಸಿಂಗ್ ಪ್ಯಾಕೇಜ್’. ಇಂಥವನ್ನು ರೂಪಿಸುವಲ್ಲಿ ರಾಜ್ಯದ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳ (ಡಯಟ್) ಪಾತ್ರ ದೊಡ್ಡದು. ಬಾಗಲಕೋಟೆ ಜಿಲ್ಲೆಯ ಡಯಟ್ ಇರುವುದು ಜಿಲ್ಲಾ ಕೇಂದ್ರದಲ್ಲಲ್ಲ, ಇಳಕಲ್‌ನಲ್ಲಿ. ಎರಡನೆಯದು ಪರೀಕ್ಷಾ ವಿಭಾಗದ ಬೀಗದೊಳಗಿನ ಸಂಗ್ರಹ. ಮೂರನೆಯದು ಕೋಠಿಯೇ ಅಲ್ಲ. ವೃತ್ತಿಪರ ಕೋರ್ಸುಗಳ ಪ್ರವೇಶ ಪರೀಕ್ಷೆಯಾದ ಸಿಇಟಿಯಲ್ಲಿ ಎ-1, ಬಿ-2ರಂಥ ಆವೃತ್ತಿ ಸಂಕೇತ ಹೊತ್ತ ಪ್ರಶ್ನೆಪುಸ್ತಿಕೆಗಳಲ್ಲಿ ಅದಲುಬದಲಾಗುವುದು ಪ್ರಶ್ನೆಗಳ ಕ್ರಮ ಮಾತ್ರ. ಪ್ರಶ್ನೆಗಳು ಎಲ್ಲರಿಗೂ ಅವೇ. ಪಕ್ಕದವನನ್ನು ನೋಡಿ ಬರೆಯುವುದನ್ನು ಅದು ತಡೆಯುತ್ತದೆ, ಸೋರಿಕೆಯನ್ನು ತಡೆಯಲಾರದು.

ಆರಂಭ

ಬೆಂಜಮಿನ್ ಬ್ಲೂಮ್ ಕಲಿಕೆಯ ಹಂತಗಳ ವರ್ಗೀಕರಣವನ್ನು 1956ರಲ್ಲಿ ಪ್ರಕಟಿಸಿ, ಮರುವರ್ಷ ಭಾರತಕ್ಕೆ ಬಂದರು. 1958ರಲ್ಲಿ ಕೇಂದ್ರ ಪರೀಕ್ಷಾ ಘಟಕ ಹುಟ್ಟಿತು. ಯುಜಿಸಿಯ 1973ರ ಪರೀಕ್ಷಾ ಸುಧಾರಣಾ ಯೋಜನೆ ಪ್ರಶ್ನೆಕೋಠಿಗಳನ್ನು ಶಿಫಾರಸು ಮಾಡಿತು. ಅದೇ ದಶಕದಲ್ಲಿ ಭಾರತೀಯ ವಿಶ್ವವಿದ್ಯಾಲಯಗಳ ಸಂಘ ವಿಷಯವಾರು ಕೋಠಿಗಳನ್ನು ಪುಸ್ತಕರೂಪದಲ್ಲಿ ತಂದಿತು. ಆಯ್ಕೆ ಮಾಡುವ ಕೈ ಮಾತ್ರ ಇನ್ನೂ ಮನುಷ್ಯನದೇ ಆಗಿತ್ತು.

2016ರ ತಿರುವು

ದ್ವಿತೀಯ ಪಿಯುಸಿ ರಸಾಯನಶಾಸ್ತ್ರ ಪರೀಕ್ಷೆ 2016ರ ಮಾರ್ಚ್ 21ರಂದು ನಡೆದು, ಸೋರಿಕೆಯಿಂದ ರದ್ದಾಯಿತು. ಮಾರ್ಚ್ 31ರ ಮರುಪರೀಕ್ಷೆಯ ಪತ್ರಿಕೆಯೂ ಸೋರಿತು. ಕೊನೆಗೆ ಪರೀಕ್ಷೆ ನಡೆದದ್ದು ಏಪ್ರಿಲ್ 12ಕ್ಕೆ. ಒಂದೇ ವಿಷಯಕ್ಕೆ ಮೂರು ಸಲ ಓದಿ ಕೂತ ಮಕ್ಕಳ ಸಂಕಟವೇ ಪ್ರಶ್ನೆಪತ್ರಿಕೆಯ ಭದ್ರತೆಯನ್ನು ರಾಜ್ಯದ ಮನೆಮಾತಾಗಿಸಿತು. ಪತ್ರಿಕೆ ಇಡುವ ಖಜಾನೆಗಳಿಗೆ ಸಿಸಿಟಿವಿ ಬಂತು. ಆದರೆ ಅಚ್ಚಾದ ಪತ್ರಿಕೆ ದಿನಗಟ್ಟಲೆ ಒಂದೆಡೆ ಕೂತಿರುವಷ್ಟು ಕಾಲ ಅಪಾಯವೂ ಕೂತಿರುತ್ತದೆ. ಪತ್ರಿಕೆ ತಡವಾಗಿ ಹುಟ್ಟಿದಷ್ಟೂ ಸೋರುವ ಅವಧಿ ಕಿರಿದಾಗುತ್ತದೆ. ಯಾದೃಚ್ಛಿಕ ಆಯ್ಕೆಯ ನಿಜವಾದ ಬಲ ಇಲ್ಲಿದೆ.

ಎಂಜಿನಿಯರಿಂಗ್ ಕಾಲೇಜುಗಳ ಲೆಕ್ಕ

ಬಾಗಲಕೋಟೆಯ ವಿದ್ಯಾಗಿರಿಯಲ್ಲಿರುವ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು 1963ರಲ್ಲಿ ಆರಂಭವಾದದ್ದು. 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ಸ್ಥಾಪನೆಯಾದ ಮೇಲೆ ಅದರ ಸಂಯೋಜನೆಗೆ ಬಂದು, ಮುಂದೆ ಸ್ವಾಯತ್ತವಾಯಿತು. ಸ್ವಾಯತ್ತ ಕಾಲೇಜು ತನ್ನ ಪತ್ರಿಕೆಯನ್ನು ತಾನೇ ತಯಾರಿಸಬೇಕು; ಕೋಠಿಯ ಹೊಣೆ ವಿಟಿಯು ಇರುವ ಬೆಳಗಾವಿಯಿಂದ ಕಾಲೇಜಿನ ಪರೀಕ್ಷಾ ನಿಯಂತ್ರಕರ ಕೋಣೆಗೆ ಬರುತ್ತದೆ.

ವಿಟಿಯು ಪತ್ರಿಕೆಯ ಈಗಿನ ಅಚ್ಚು ಕಂಪ್ಯೂಟರಿಗೆ ಹೇಳಿಮಾಡಿಸಿದಂತಿದೆ: ಐದು ಮಾಡ್ಯೂಲ್, ಪ್ರತಿಯೊಂದರಲ್ಲಿ ಎರಡು ಪೂರ್ಣ ಪ್ರಶ್ನೆ, ಬರೆಯಬೇಕಾದ್ದು ಒಂದು. 2022ರ ಸ್ಕೀಮಿನಲ್ಲಿ ಪ್ರತಿ ಪ್ರಶ್ನೆಯ ಎದುರು ಅಂಕ, ಬ್ಲೂಮ್ ಹಂತ, ಕೋರ್ಸಿನ ಕಲಿಕಾಫಲ ಅಚ್ಚಾಗುತ್ತವೆ. ಡೇಟಾಬೇಸಿನಲ್ಲಿ ಪ್ರಶ್ನೆಗೆ ಅಂಟಿಸಬೇಕಾದ ಚೀಟಿಗಳೂ ಇವೇ. ಮಾಡ್ಯೂಲಿಗೆ 10 ಪೂರ್ಣ ಪ್ರಶ್ನೆಗಳಿದ್ದರೆ ಎರಡೆರಡನ್ನು 45 ಬಗೆಯಲ್ಲಿ ಆರಿಸಬಹುದು. ಐದೂ ಸೇರಿದರೆ 18 ಕೋಟಿ 45 ಲಕ್ಷಕ್ಕೂ ಹೆಚ್ಚು ಪತ್ರಿಕೆಗಳು. ಈ ದೊಡ್ಡ ಸಂಖ್ಯೆಯನ್ನು ನೋಡಿ ಸುರಕ್ಷಿತ ಎಂದುಕೊಳ್ಳುವುದು ತಪ್ಪು. ಒಟ್ಟು ಪ್ರಶ್ನೆಗಳು 50 ಮಾತ್ರ. ಕಳೆದ ಸಲ ಬಂದದ್ದು ಈ ಸಲವೂ ಬರುವ ಸಂಭವ ಐದಕ್ಕೊಂದು. ಹಾಸ್ಟೆಲಿನಲ್ಲಿ ಹಳೆಯ ಪತ್ರಿಕೆಗಳ ಝೆರಾಕ್ಸ್ ಕೂಡಿಹಾಕುವ ಹುಡುಗರಿಗೆ ಈ ಲೆಕ್ಕ ಬಹಳ ಹಿಂದೆಯೇ ಗೊತ್ತು. ಕೋಠಿಯನ್ನು ವರ್ಷವರ್ಷವೂ ಬೆಳೆಸಬೇಕು, ಪ್ರಶ್ನೆ ಕೊನೆಯ ಸಲ ಬಂದ ದಿನಾಂಕವನ್ನೂ ಗುರುತಿಸಬೇಕು.

2024ರ ನಂತರ

2024ರ ಏಪ್ರಿಲ್ ಸಿಇಟಿಯಲ್ಲಿ 240 ಪ್ರಶ್ನೆಗಳ ಪೈಕಿ 50 ಪಠ್ಯಕ್ರಮದ ಹೊರಗಿನವು ಎಂದು ತೀರ್ಮಾನವಾಗಿ, ಅವನ್ನು ಮೌಲ್ಯಮಾಪನದಿಂದ ಕೈಬಿಡಲಾಯಿತು: ಭೌತಶಾಸ್ತ್ರದ 9, ರಸಾಯನಶಾಸ್ತ್ರದ 15, ಗಣಿತದ 15, ಜೀವಶಾಸ್ತ್ರದ 11. ಪಠ್ಯದಿಂದ ಪಾಠ ಹೋದ ದಿನವೇ ಅದರ ಪ್ರಶ್ನೆಯೂ ಕೋಠಿಯಿಂದ ಹೋಗಬೇಕೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ರಾಜ್ಯದಲ್ಲಿಲ್ಲ. ಅದೇ ವರ್ಷ ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿಗೆ ಮೂರು ಪರೀಕ್ಷೆಗಳ ಪದ್ಧತಿ ಬಂದು, ಒಂದೇ ಮಟ್ಟದ ಹಲವು ಪತ್ರಿಕೆಗಳ ಅಗತ್ಯ ಹೆಚ್ಚಿತು. 2025-26ರ ಪಾಠ ಆಧಾರಿತ ಮೌಲ್ಯಾಂಕನಕ್ಕಾಗಿ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್‌ಇಆರ್‌ಟಿ) ಪಾಠವಾರು ಪ್ರಶ್ನೆಕೋಠಿಗಳನ್ನು ಕೊಟ್ಟಿತು. ಇವು ಮತ್ತೆ ತೆರೆದ ಉಗ್ರಾಣಗಳೇ.

ಭಾಷೆಯ ಪ್ರಶ್ನೆ ಇನ್ನೂ ಇತ್ಯರ್ಥವಾಗಿಲ್ಲ. 2024ರ ಆಗಸ್ಟ್ 27ರ ಕೆಎಎಸ್ ಪೂರ್ವಭಾವಿ ಪರೀಕ್ಷೆಯಲ್ಲಿ ಕನ್ನಡ ಅನುವಾದದ ದೋಷಗಳಿಂದಾಗಿ ಡಿಸೆಂಬರ್ 29ರಂದು ಮರುಪರೀಕ್ಷೆ ನಡೆಯಿತು. ಅಲ್ಲಿಯೂ ಅದೇ ದೂರು. ಪತ್ರಿಕೆ ಸಿದ್ಧವಾದ ಮೇಲೆ ಅವಸರದಲ್ಲಿ ಅನುವಾದಿಸುವ ಬದಲು, ಪ್ರತಿ ಪ್ರಶ್ನೆಯೂ ಎರಡು ಭಾಷೆಗಳಲ್ಲಿ ತಿದ್ದಿಸಿಕೊಂಡ ಮೇಲಷ್ಟೇ ಕೋಠಿಗೆ ಸೇರಬೇಕು. ಬಾದಾಮಿ, ಹುನಗುಂದದ ಹಳ್ಳಿಗಳಿಂದ ಕನ್ನಡ ಮಾಧ್ಯಮದಲ್ಲಿ ಓದಿ ಬರುವ ಅಭ್ಯರ್ಥಿ ಓದಿಕೊಳ್ಳುವುದು ಆ ಕನ್ನಡ ಪಠ್ಯವನ್ನೇ.